ಚಿಕ್ಕದೇನೂ ಹೆಣೆಯಬಾರದು

ಸೆಪ್ಟೆಂಬರ್ 21, ಭಾನುವಾರ

ಎಡಕ್ಕೇ ಮಲಗಬೇಕು ಎಂದಿದ್ದಾರೆ ಡಾಕ್ಟರಮ್ಮ. ಎಡಕ್ಕೆ ಗೋಡೆ. ಹದಿನೈದು ದಿನ ನೋಡಿ ನೋಡಿ ಸುಣ್ಣದ ಬಿರುಕೆಲ್ಲ ಬಾಯಿಪಾಠವಾಗಿತ್ತು. ಇವತ್ತು ರಘುಗೆ ಹೇಳಿ ಮಂಚವನ್ನೇ ತಿರುಗಿಸಿ ಹಾಕಿಸಿದೆ. ಈಗ ಎಡಕ್ಕೆ ಕಿಟಕಿ, ಬೀದಿ, ಎದುರುಮನೆ ಗೋವಿಂದಮ್ಮನ ದಾಸವಾಳ. ಇಷ್ಟು ಸಣ್ಣ ಉಪಾಯ ಇಷ್ಟು ದಿನ ಇಬ್ಬರಿಗೂ ಹೊಳೆದಿರಲಿಲ್ಲ. ನಾನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು, ಗಂಡ ಲೈನ್‌ಮ್ಯಾನ್. ಊರಿಗೆಲ್ಲ ಬೆಳಕು ಕೊಡುವವರು!

ಮಹಾಲಯ ಅಮಾವಾಸ್ಯೆ. ಅತ್ತೆ ಹಿರಿಯರಿಗೆ ಎಡೆ ಇಡುತ್ತಿದ್ದಾರೆ. ವಡೆ ಕರಿಯುವ ವಾಸನೆ. ಎದ್ದು ಹೋಗಿ ಒಂದು ಕದಿಯೋಣವೆಂದರೆ ಬಚ್ಚಲು ಬಿಟ್ಟು ಬೇರೆಲ್ಲಿಗೂ ಏಳುವಂತಿಲ್ಲ.

ಇವತ್ತಿಗೆ ಇಪ್ಪತ್ತೇಳು ವಾರ, ನಾಲ್ಕು ದಿನ. ಮೂವತ್ತೇಳು ತುಂಬಬೇಕು. ಮೊದಲ ಎರಡೂ ಐದನೇ ತಿಂಗಳಲ್ಲೇ ಹೋದವು. ಈ ಸಲ ಗರ್ಭದ ಬಾಯಿಗೆ ಹೊಲಿಗೆ ಹಾಕಿದ್ದಾರೆ. ನವೆಂಬರ್ 26ಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಅದು ಒಳಗೇ ಇರಬೇಕು. ನನಗೆ ಲೈಬ್ರರಿ ಇಲ್ಲ, ಅಲ್ಲಿಗೆ ಹೋಗುವ ದೇವನೂರಿನ ಬಸ್ಸಿಲ್ಲ, ಮೆಟ್ಟಿಲಿಲ್ಲ, ಬಗ್ಗಿ ಕಸ ಗುಡಿಸುವುದಿಲ್ಲ. ಕೊನೆಯದಕ್ಕೆ ಏನೂ ಬೇಜಾರಿಲ್ಲ.

ವಡೆ ಬಂತು. ಮೂರು.

ಸೆಪ್ಟೆಂಬರ್ 24, ಬುಧವಾರ

ಇಪ್ಪತ್ತೆಂಟು ತುಂಬಿತು. ಬುಧವಾರ ಬಂದರೆ ನನಗೆ ಒಂದು ವಾರ ಜಮಾ.

ಭಾಗೀರಥಮ್ಮ ಬಂದಿದ್ದರು. ಬೀದಿಯ ಕೊನೆಮನೆಯವರು, ಹೈಸ್ಕೂಲಿನಲ್ಲಿ ಕ್ರಾಫ್ಟ್ ಟೀಚರ್ ಆಗಿ ರಿಟೈರಾದವರು. ಕೈಯಲ್ಲಿ ಬಟ್ಟೆ ಚೀಲ. ಒಳಗೆ ಎರಡು ಕಡ್ಡಿ, ಗಂಧದ ಬಣ್ಣದ ಉಲ್ಲನ್ ಉಂಡೆಗಳು. ಅವರ ತಮ್ಮ ಮಿಲಿಟರಿಯಲ್ಲಿದ್ದಾಗ ಕಾಶ್ಮೀರದಿಂದ ತಂದದ್ದಂತೆ, ಅಸಲಿ ಉಣ್ಣೆ.

"ಎಷ್ಟು ಅಂತ ಸೂರು ನೋಡ್ತೀಯಮ್ಮ? ಕೈಗೆ ಕೆಲಸ ಕೊಡು, ತಲೆ ತಾನಾಗೇ ಸುಮ್ಮನಾಗುತ್ತೆ" ಎಂದರು. ಕಡ್ಡಿ ಹಿಡಿಸಿ ನೋಡಿದರು. "ಹಾಗಲ್ಲ. ಅದು ಪೊರಕೆ ಅಲ್ಲ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರದು ಒಂದೇ ಮಾತು: "ಏನಾರ ಎಣ್ಕೊಳ್ಳಿ ಟೀಚರಮ್ಮ, ಚಿಕ್ಕದು ಮಾತ್ರ ಬ್ಯಾಡ. ಕೂಸು ಉಟ್ಟಾಕ್ ಮುಂಚೆ ಕುಲಾವಿ ಅನ್ನಂಗೆ ಆಗ್ಬಾರ್ದು."

ಊರಿನವರಿಗೆ ಈ ಗಾದೆ ಆತುರಗೇಡಿಗಳನ್ನು ಗೇಲಿ ಮಾಡುವುದಕ್ಕೆ. ನಮ್ಮತ್ತೆಗೆ ಅದು ಕಾನೂನು. ಹುಟ್ಟುವ ಮುಂಚೆ ಮಗುವಿಗೆಂದು ಒಂದು ಎಳೆ ದಾರವೂ ಹೊಸಿಲು ದಾಟಬಾರದು. ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಪಂಚೆ.

ನಗುವ ಹಾಗಿಲ್ಲ. ಹೋದ ಸಲ ನಾಲ್ಕನೇ ತಿಂಗಳಲ್ಲಿ ಪೇಟೆಯಲ್ಲಿ ಹಳದಿ ಫ್ರಾಕೊಂದು ಕಣ್ಣಿಗೆ ಬಿತ್ತು. ಕೊಂಡುಬಿಟ್ಟೆ. ಹದಿನೆಂಟನೇ ದಿನಕ್ಕೆ ಎಲ್ಲ ಮುಗಿಯಿತು. ಅತ್ತೆ ಆ ಫ್ರಾಕಿನ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಹಾಗಾಗಿ ರಘುಗೆ ಮಫ್ಲರ್. ನಲವತ್ತು ಕುಣಿಕೆ ಹಾಕಿಕೊಟ್ಟು ಹೋದರು.

ಸೆಪ್ಟೆಂಬರ್ 28

ನಲವತ್ತು ಕುಣಿಕೆ ಇದ್ದದ್ದು ಈಗ ನಲವತ್ತಾರು. ಆರು ಎಲ್ಲಿಂದ ಬಂದವೋ ಆ ಶ್ರೀಕಂಠೇಶ್ವರನಿಗೇ ಗೊತ್ತು. ಮಫ್ಲರ್ ಮೇಲೆ ಹೋಗುತ್ತಾ ಹೋಗುತ್ತಾ ಅಗಲವಾಗುತ್ತಿದೆ. ರಘು ಕೊರಳಿಗೆ ಸುತ್ತಿಕೊಂಡು ನೋಡಿದ. "ಇದು ಮಫ್ಲರ್ರಾ ಟೆಂಟಾ, ಭಾನು?"

ಬಿಚ್ಚಿದೆ. ಮತ್ತೆ ಹಾಕಿದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬಿಚ್ಚಿದ್ದಕ್ಕೆ ಸಿಟ್ಟು ಬರಲಿಲ್ಲ ಎನ್ನುವುದೇ ಆಶ್ಚರ್ಯ. ನನಗೆ ಸಿಟ್ಟು ಬೇಗ ಬರುತ್ತದೆ. ಪುಸ್ತಕದ ಹಾಳೆ ಮೂಲೆ ಮಡಚಿದವರನ್ನು ಹೊಸಿಲಲ್ಲೇ ನಿಲ್ಲಿಸಿ ಬೈದವಳು ನಾನು.

ಅಕ್ಟೋಬರ್ 1, ಬುಧವಾರ

ಇಪ್ಪತ್ತೊಂಬತ್ತು!

ಆಯುಧಪೂಜೆ. ಅತ್ತೆ ದೇವರ ಮುಂದೆ ರಘುವಿನ ಕಟಿಂಗ್ ಪ್ಲೇಯರ್, ಟೆಸ್ಟರ್, ತಮ್ಮ ಈಳಿಗೆಮಣೆ, ಕುಡುಗೋಲು ಎಲ್ಲ ಜೋಡಿಸಿದ್ದಾರೆ. ಪಕ್ಕದಲ್ಲಿ ನನ್ನ ಕಡ್ಡಿಗಳು, ಅರ್ಧ ಮಫ್ಲರ್ ಸಮೇತ. ಅರಿಶಿನ, ಕುಂಕುಮ, ಚೆಂಡುಹೂವು. ಓದುತ್ತಿದ್ದ ಪುಸ್ತಕವೂ ಅಲ್ಲೇ. ನಾಳೆ ಪೂಜೆ ಮುಗಿಯುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ.

"ಅವೂ ಒಂದಿನ ಉಸ್ರಾಡ್ಲಿ ಕಣವ್ವ" ಅಂದರು.

ಹೆಣಿಗೆ ಇಲ್ಲ, ಓದು ಇಲ್ಲ. ಇಡೀ ದಿನ ಗೋವಿಂದಮ್ಮನ ದಾಸವಾಳ ಎಣಿಸಿದೆ. ಹದಿಮೂರು. ಈ ಪೆನ್ನು ಮಾತ್ರ ಬೆಳಿಗ್ಗೆಯೇ ದಿಂಬಿನ ಕೆಳಗೆ ಬಚ್ಚಿಟ್ಟಿದ್ದೆ. ದೇವರು ಕ್ಷಮಿಸಲಿ.

ಆದರೆ ನನ್ನ ಕಡ್ಡಿಗೆ ಅತ್ತೆ ತಾವಾಗಿ ಕುಂಕುಮ ಇಟ್ಟರು. ಅದನ್ನು ಎರಡು ಸಲ ನೋಡಿದೆ.

ಅಕ್ಟೋಬರ್ 9, ಗುರುವಾರ, ಮಧ್ಯಾಹ್ನ

ಮಳೆ ಹೊಳವಾಗಿದೆ. ಆಕಾಶ ತೊಳೆದಿಟ್ಟ ಹಾಗೆ. ಹತ್ತೂವರೆಗೆ ಬಿಸಿಲು ಕಿಟಕಿ ದಾಟಿ ಕಾಲಿನ ಮೇಲೆ ಬರುತ್ತದೆ, ಹನ್ನೆರಡಕ್ಕೆ ಹೊಟ್ಟೆಯ ಮೇಲೆ. ಆಗ ಅದು ಒದೆಯುತ್ತದೆ, ತಪ್ಪದೆ. ಬೀದಿಯಲ್ಲಿ ಏರೋಪ್ಲೇನ್ ಚಿಟ್ಟೆಗಳು. ನದಿ ಕಡೆಯಿಂದ ತಂಪುಗಾಳಿ.

ರಘು ನರಸೀಪುರದಿಂದ ಬರುವಾಗ ಹೆಲ್ಮೆಟ್ಟಿನ ತುಂಬ ಸೀತಾಫಲ ತಂದ. ಹಾಗಾದರೆ ತಲೆಗೇನು ಹಾಕಿಕೊಂಡಿದ್ದೆ ಎಂದು ಕೇಳಿದೆ. ತಲೆ ಸವರಿಕೊಂಡ. ಬೈದೆ. ಬೈಯುತ್ತಲೇ ಎರಡು ತಿಂದೆ. ಬೀಜ ಉಗುಳಲು ಅತ್ತೆ ಬಟ್ಟಲು ಹಿಡಿದು ನಿಂತರು, ಮಹಾರಾಣಿಗೆ ಹಿಡಿದ ಹಾಗೆ.

ಸುಖವಾಗಿದ್ದೇನೆ. ಬರೆಯಲು ಹೆದರಿಕೆ, ಆದರೂ ಬರೆಯುತ್ತೇನೆ. ಸುಖವಾಗಿದ್ದೇನೆ.

ಅಕ್ಟೋಬರ್ 14

ಸಂಜೆ ಅತ್ತೆಗೆ ಪತ್ತೇದಾರಿ ಕಾದಂಬರಿ ಓದಿ ಹೇಳುವುದು ಈಗ ಅಭ್ಯಾಸ. ಅವರು ಸೊಪ್ಪು ಬಿಡಿಸುತ್ತಾ ಕೇಳುತ್ತಾರೆ. ಓದು ಬರದವರು. ಆದರೆ ಒಂದು ಹೆಸರು ಮರೆಯುವುದಿಲ್ಲ. ನಾನು ಒಂದು ಪ್ಯಾರಾ ಹಾರಿಸಿದರೆ "ಆ ಡ್ರೈವರ್ ಎಲ್ಲೋದ?" ಎನ್ನುತ್ತಾರೆ.

ಇವತ್ತು ಕೊನೆ ಅಧ್ಯಾಯ. ಕೊಲೆಗಾರ ಯಾರೆಂದು ಹೇಳುವ ಹೊತ್ತಿಗೆ ಸರಿಯಾಗಿ ಎಂಟು ಪುಟ ಇಲ್ಲ. ಹರಿದುಕೊಂಡು ಹೋಗಿದ್ದಾರೆ. ನನ್ನದೇ ಲೈಬ್ರರಿಯ ಪುಸ್ತಕ, ನನ್ನದೇ ಸೀಲು! ಮೈಯೆಲ್ಲ ಉರಿಯಿತು. ಅತ್ತೆ ಶಾಂತವಾಗಿ "ಆ ತಮ್ಮನೇ ಕಣ್ಮಗ ಕೊಂದೋನು. ಸತ್ತೋರ ಮನೇಲಿ ಅಷ್ಟು ಒಟ್ಟೆ ತುಂಬ ಉಂಡ್ನಲ್ಲ, ಆವತ್ತೇ ಗೊತ್ತಾಯ್ತು" ಎಂದರು.

ಕೇಸು ಮುಗಿಯಿತು. ನಗು ತಡೆಯಲಾಗಲಿಲ್ಲ. ನಗಬಾರದು, ಹೊಟ್ಟೆ ಬಿಗಿಯುತ್ತದೆ.

ಅಕ್ಟೋಬರ್ 17, ಶುಕ್ರವಾರ

ಮಫ್ಲರ್ ಮುಗಿಯಿತು. ರಘು ಈ ಸೆಕೆಯಲ್ಲೂ ಸುತ್ತಿಕೊಂಡು ಡ್ಯೂಟಿಗೆ ಹೋದ. ಪಾಪ.

ಒಂದೂವರೆ ಉಂಡೆ ಮಿಕ್ಕಿದೆ. ಕೈ ಸುಮ್ಮನೆ ಇರುವುದಿಲ್ಲ. ಭಾಗೀರಥಮ್ಮನ ಚೀಲದ ತಳದಲ್ಲಿ ಒಂದು ಹಳೇ ನೋಟ್‌ಬುಕ್ಕಿದೆ, ಮಾದರಿಗಳನ್ನು ಕೈಯಲ್ಲಿ ಬರೆದದ್ದು. ಹನ್ನೊಂದನೇ ಪುಟ: ಎಳೆಮಗುವಿನ ಕುಲಾವಿ. ಅರವತ್ತು ಕುಣಿಕೆ. ಕಿವಿ ಮುಚ್ಚುವ ಹಾಗೆ, ಗದ್ದದ ಕೆಳಗೆ ಕಟ್ಟುವ ದಾರ.

ಓದಿದೆ, ಅಷ್ಟೇ.

ಸಂಜೆ: ಅರವತ್ತು ಕುಣಿಕೆ ಹಾಕಿದ್ದೇನೆ. ಅತ್ತೆ "ಇದೇನವ್ವ ಇದು?" ಎಂದರು. "ಮೊಬೈಲ್ ಚೀಲ ಕಣತ್ತೆ" ಎಂದೆ. ತಲೆಯಾಡಿಸಿ ಹೋದರು. ಸುಳ್ಳು ಹೇಳುವಾಗ ಅವರ ಮುಖ ನೋಡಲಿಲ್ಲ.

ನಾನು ಓದಿದವಳು. ಉಲ್ಲನ್ನಿಗೂ ಗರ್ಭಕ್ಕೂ ಏನು ಸಂಬಂಧ? ಏನೂ ಇಲ್ಲ.

ಅಕ್ಟೋಬರ್ 19, ಭಾನುವಾರ, ಮಧ್ಯಾಹ್ನ ಮೂರೂವರೆ

ಮುಗಿಯಿತು. ನನ್ನ ಮುಷ್ಟಿಗೆ ಹಾಕಿ ನೋಡಿದೆ. ಸರಿಯಾಗಿ ಕೂರುತ್ತದೆ. ಎಷ್ಟು ಮೆತ್ತಗಿದೆ. ಇಷ್ಟು ಚಂದದ್ದನ್ನು ನನ್ನ ಕೈ ಈವರೆಗೆ ಮಾಡಿಲ್ಲ.

ಅತ್ತೆ ನಾಳೆಯ ಎಣ್ಣೆಸ್ನಾನಕ್ಕೆ ಹಂಡೆ ತೊಳೆದು ಸುಣ್ಣದ ಪಟ್ಟೆ ಬಳಿಯುತ್ತಿದ್ದಾರೆ. ಅವರು ಬರುವ ಮುಂಚೆ ಇದನ್ನು ದಿಂಬಿನ ಕೆಳಗೆ ಇಟ್ಟುಬಿಡಬೇಕು.

ಬೆನ್ನು ಒಂಥರಾ ಎಳೆಯುತ್ತಿದೆ. ಬಹಳ ಹೊತ್ತು ಕೂತಿದ್ದಕ್ಕೆ. ಮಲಗಿದರೆ ಹೋಗಬಹುದು.

ಮತ್ತೆ ಬಂತು. ಇದು ಬೆನ್ನಲ್ಲ

ಅಕ್ಟೋಬರ್ 25, ಶನಿವಾರ

ಮನೆ. ನಿನ್ನೆ ಸಂಜೆ ಬಿಟ್ಟರು.

ಐದು ದಿನ ಮೈಸೂರಿನ ನರ್ಸಿಂಗ್ ಹೋಮ್. ನೋವು ನಿಲ್ಲಿಸಲು ಡ್ರಿಪ್, ಮಾತ್ರೆ. ಅದರ ಶ್ವಾಸಕೋಶ ಬಲಿಯಲೆಂದು ಎರಡು ಇಂಜೆಕ್ಷನ್. ಬಂದರೂ ಬರಬಹುದು ಅಂತ. ಬರಲಿಲ್ಲ. ಹೊಲಿಗೆ ಬಿಗಿಯಾಗಿಯೇ ಇದೆ. ಮೂವತ್ತೆರಡನೇ ವಾರವನ್ನು ಆಸ್ಪತ್ರೆಯ ಮಂಚದಲ್ಲೇ ತುಂಬಿದೆ. ದೀಪಾವಳಿ ಪಟಾಕಿಯನ್ನು ಕೇಳಿದ್ದಷ್ಟೇ, ನೋಡಲಿಲ್ಲ.

"ಯಾಕೆ ಹೀಗಾಯ್ತು ಮೇಡಂ?" ಎಂದು ಕೇಳಿದೆ. "ಇಂಥದ್ದೇ ಅಂತ ಹೇಳಕ್ಕಾಗಲ್ಲ. ನೀವೇನೂ ಮಾಡಿದ್ದಲ್ಲ" ಎಂದರು.

ನಾನು ಏನು ಮಾಡಿದೆ ಎಂದು ನನಗೆ ಗೊತ್ತು. ಡಾಕ್ಟರಮ್ಮನ ಮಾತು ತಲೆಗೆ ಹೋಗುತ್ತದೆ, ಎದೆಗೆ ಇಳಿಯುವುದಿಲ್ಲ. ಫ್ರಾಕ್ ಕೊಂಡೆ, ಹೋಯಿತು. ಕುಲಾವಿ ಹೆಣೆದೆ, ಹೋಗುವುದರಲ್ಲಿತ್ತು.

ಬಂದವಳೇ ದಿಂಬು ಎತ್ತಿ ನೋಡಿದೆ. ಬಿಚ್ಚಿಬಿಡೋಣ ಅಂತ. ಅಲ್ಲಿಲ್ಲ. ಹಾಸಿಗೆಗೆ ಒಗೆದ ದುಪ್ಪಟಿ. ಅಂದರೆ ಅತ್ತೆ ನೋಡಿದ್ದಾರೆ.

ಗಂಜಿ ಕೊಟ್ಟರು. ಈ ಸಲವೂ ಏನೂ ಹೇಳದೆ ಇದ್ದುಬಿಡುತ್ತಾರೆ.

ಅಕ್ಟೋಬರ್ 26

ಇವತ್ತೂ ಅತ್ತೆಯ ಬಾಯಿಂದ ಆ ಮಾತಿಲ್ಲ. ಕಡ್ಡಿ ಮುಟ್ಟಿಲ್ಲ. ಓದಲು ಆಗುತ್ತಿಲ್ಲ. ಅವರು ಸಂಜೆ ಸೊಪ್ಪು ಬಿಡಿಸಲು ಅಡುಗೆಮನೆಯಲ್ಲೇ ಕೂತರು, ಇಲ್ಲಿಗೆ ಬರಲಿಲ್ಲ. ರಘುಗೆ ಹೇಳೋಣವೆಂದರೆ ಅವನು ಐದು ದಿನ ನಿದ್ದೆಗೆಟ್ಟು ಸೋತಿದ್ದಾನೆ.

ಅಕ್ಟೋಬರ್ 27, ಸೋಮವಾರ

ಎಲ್ಲವನ್ನೂ ಬರೆದಿಡಬೇಕು, ಒಂದು ಮಾತೂ ಬಿಡದೆ.

ಬೆಳಿಗ್ಗೆ ರಘು ಹೋದ ಮೇಲೆ ನಾನೇ ಕರೆದೆ. "ಅತ್ತೆ, ಅದು ಮೊಬೈಲ್ ಚೀಲ ಅಲ್ಲ."

"ಗೊತ್ತು ಕಣವ್ವ. ಕಿವಿ ಇರೋ ಮೊಬೈಲ್ ಎಲ್ಲೈತೆ?"

ನನಗೆ ಅಳು ಬಂತು. ನನ್ನಿಂದಲೇ ಆಯ್ತು, ನಿಮ್ಮ ಮಾತು ಮೀರಿದೆ ಎಂದೆಲ್ಲ ಹೇಳಿದೆ. ಅವರು ಮಂಚದ ಪಕ್ಕ ನೆಲದ ಮೇಲೆ ಕೂತರು. ನನ್ನ ಕಡೆ ನೋಡದೆ, ಬಾಗಿಲ ಕಡೆ ನೋಡುತ್ತಾ ಮಾತಾಡಿದರು.

"ರಘುಗಿಂತ ಮೊದ್ಲು ಒಂದು ಎಣ್ಣು ಉಟ್ಟಿತ್ತು. ಉಲ್ಲಳ್ಳಿ ತವರು ಮನೇಲಿ. ನಿಂಗೆ ಯಾರೂ ಏಳಿಲ್ಲ. ನಾನೂ ಯಾರಿಗೂ ಏಳಲ್ಲ. ನಮ್ಮತ್ತೆ ಏನೂ ಎತ್ತಿಕ್ಕಬ್ಯಾಡ ಅಂದಿದ್ರು. ನಾನು ಒಂದು ಚಿಂದಿ ಬಟ್ಟೆನೂ ಎತ್ತಿಕ್ಕಿರ್ಲಿಲ್ಲ ಮಗ. ಒಂದು ಚಿಂದಿ. ಆದ್ರೂ ಓಯ್ತು. ಒಂದೇ ದಿವ್ಸ ಇತ್ತು. ಧನುರ್ಮಾಸದ ಚಳಿ. ಸುತ್ತಕೆ ಏನೂ ಇಲ್ದೆ ನಮ್ಮಪ್ಪನ ಟವಲ್ ಸುತ್ತುದ್ವಿ. ಒದ್ದೆ ಟವಲ್ಲು. ಈಗ್ಲೂ ಒಂದೊಂದ್ ಸಲ ಅನ್ಸತದೆ, ಒಂದು ಬೆಚ್ಚಗಿರೋ ಬಟ್ಟೆ ಇದ್ದಿದ್ರೆ ಅಂತ."

ಕಣ್ಣು ಒರೆಸಿಕೊಂಡೆ. ಆಮೇಲೆ ಕೇಳಿದೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಮತ್ತೆ ನಂಗ್ಯಾಕೆ ಬೇಡ ಅಂದ್ರಿ ಅತ್ತೆ?"

"ಎದ್ರಿಕೆಗೆ ಕಣವ್ವ. ಬ್ಯಾಡ ಅನ್ನೋದು ಬಿಟ್ರೆ ಇನ್ನೇನ್ ಮಾಡಕಾಯ್ತದೆ ನನ್ ಕೈಲಿ?"

ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಒಂಬತ್ತು ವರ್ಷ, ಮೊದಲ ಸಲ. ಕೈ ಒರಟು, ಸೊಪ್ಪಿನ ಹಸಿರು ಇನ್ನೂ ಉಗುರಿನಲ್ಲಿತ್ತು.

ಆಮೇಲೆ ಅವರು ಸೆರಗಿನ ಗಂಟು ಬಿಚ್ಚಿ ಏನನ್ನೋ ನನ್ನ ಅಂಗೈ ಮೇಲಿಟ್ಟರು. ಕುಲಾವಿ. ಕುಲಾವಿ ಎನ್ನಬೇಕೋ ಬೇಡವೋ. ನಿಂಬೆಹಣ್ಣಿಗೆ ಹಾಕಬಹುದು, ಅಷ್ಟೇ. ಗಟ್ಟಿಯಾಗಿ, ರಟ್ಟಿನ ಹಾಗೆ.

"ಎಳೇ ಮಗುಗೆ ಅಂತ ಕುದಿಯೋ ನೀರಲ್ಲಿ ಆಕಿ ತೊಳ್ದೆ. ಚೊಕ್ಕಟ ಇರ್ಲಿ ಅಂತ. ಇಂಗಾಗೋಯ್ತು. ಎರಡು ದಿನದಿಂದ ಎಂಗ್ ಏಳದು ಅಂತ..."

ಎರಡು ದಿನ ಅವರು ಮಾತಾಡದೆ ಇದ್ದದ್ದು ಇದಕ್ಕೆ! ನಾನು ಶಾಪ ಎಂದುಕೊಂಡು ಕೊರಗುತ್ತಿದ್ದರೆ ಅವರು ಉಣ್ಣೆ ಹಾಳುಮಾಡಿದೆನೆಂದು ಕೊರಗುತ್ತಿದ್ದರು. ನಾನು ಅಳುತ್ತಾ ನಕ್ಕೆ, ಅವರು ನಗುತ್ತಾ ಅತ್ತರು. ನನ್ನ ಹೊಟ್ಟೆಗೆ ಅವರೇ ಕೈ ಆನಿಸಿ ಹಿಡಿದರು.

"ಇನ್ನೊಂದು ಎಣಿ. ನಂಗೂ ಏಳ್ಕೊಡು."

ಅಕ್ಟೋಬರ್ 31, ಶುಕ್ರವಾರ

ಅತ್ತೆಗೆ ಸೀದಾ ಬಂತು, ಉಲ್ಟಾ ಬರಲಿಲ್ಲ. "ಉಲ್ಟಾ ಯಾಕೆ ಬೇಕು, ನೆಟ್ಟಗೆ ಓದ್ರೆ ಸಾಲ್ದಾ?" ಎನ್ನುತ್ತಾರೆ. ಭಾಗೀರಥಮ್ಮ ಬಂದು ನೋಡಿ, ಬರೀ ಸೀದಾ ಹಾಕಿದರೂ ಚಂದವೇ, ಉಬ್ಬುಉಬ್ಬಾಗಿ ಬರುತ್ತದೆ ಎಂದು ಬಿಟ್ಟುಕೊಟ್ಟರು. ಕ್ರಾಫ್ಟ್ ಟೀಚರು ಸೋತದ್ದನ್ನು ಕಣ್ಣಾರೆ ಕಂಡೆ.

ಕುಗ್ಗಿದ ಕುಲಾವಿ ನೋಡಿ ಅವರಿಗೆ ಎದೆಯೊಡೆಯಿತು. "ಕಾಶ್ಮೀರದ್ದು ಶಿವನಂಜಮ್ಮ, ಕಾಶ್ಮೀರದ್ದು!"

"ಚಳಿ ದೇಸದ್ದು, ಬಿಸಿ ತಡೀಲಿಲ್ಲ ಬುಡಿ" ಎಂದರು ಅತ್ತೆ.

ನವೆಂಬರ್ 8

ಮೂವತ್ತನಾಲ್ಕು ಕಳೆದು ಮೂರು ದಿನ.

ಬೆಳಿಗ್ಗೆ ಇಬ್ಬನಿ. ಎಂಟಾದರೂ ಬೀದಿ ಬೆಳ್ಳಗೆ. ಬೇಯಿಸಿದ ಕಡ್ಲೆಕಾಯಿ, ಬಿಸಿ ಕಾಫಿ, ಮಡಿಲಲ್ಲಿ ಪುಸ್ತಕ. ಈ ಸಲ ಕೊನೆಯ ಪುಟ ಇದೆಯೇ ಎಂದು ಮೊದಲೇ ನೋಡಿಕೊಂಡಿದ್ದೇನೆ. ಅತ್ತೆ ಕಡ್ಡಿ ಸದ್ದು ಮಾಡುತ್ತಾ ಕೇಳುತ್ತಾರೆ. ರಘು ಬಂದು ಬಾಗಿಲಲ್ಲಿ ನಿಂತು, "ಏನು, ಮನೇಲಿ ಫ್ಯಾಕ್ಟರಿ ಶುರುವಾ?" ಎಂದ. ಅವನಿಗೆ ಅಕ್ಕನ ವಿಷಯ ಗೊತ್ತಿಲ್ಲ. ಹೇಳುವುದಾದರೆ ಅವರೇ ಹೇಳಲಿ.

ಭಯ ಹೋಗಿಲ್ಲ. ಅದು ಸ್ವಲ್ಪ ಹೊತ್ತು ಒದೆಯದಿದ್ದರೆ ಈಗಲೂ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತೇನೆ. ಆದರೆ ಈಗ ಭಯವಾದಾಗ ಹೇಳುತ್ತೇನೆ. ಅವರೂ ಹೇಳುತ್ತಾರೆ. ಅಷ್ಟೇ ವ್ಯತ್ಯಾಸ.

ನವೆಂಬರ್ 19, ಬುಧವಾರ

ಮೂವತ್ತಾರು. ಹೊಸ ಅವರೆಕಾಯಿ ಬಂದಿದೆ. ಸಾರಿನ ಘಮ ಬೀದಿಗೆಲ್ಲ. ಅತ್ತೆ ಹೆಚ್ಚು ತಿನ್ನಬಾರದು ಎಂದರು, ಎರಡು ಸಲ ಬಡಿಸಿದರು.

ನನ್ನ ಎರಡನೇ ಕುಲಾವಿ ಮುಗಿಯಿತು; ಭಾಗೀರಥಮ್ಮ ತಂದುಕೊಟ್ಟ ಹೊಸ ಉಲ್ಲನ್ನಿನಲ್ಲಿ ಅತ್ತೆಯ ಕೈಯಲ್ಲಿ ಪುಟ್ಟದೊಂದು ಹೊದಿಕೆ ಆಗುತ್ತಿದೆ. ಮೂಲೆಗಳು ಒಂದರ ಹಾಗೆ ಒಂದಿಲ್ಲ. ಬಿಚ್ಚಿ ಸರಿಮಾಡಲೇ ಎಂದರೆ ಕೊಡುವುದಿಲ್ಲ.

ನವೆಂಬರ್ 26, ಬುಧವಾರ

ಮೂವತ್ತೇಳು.

ಹೊಲಿಗೆ ಬಿಚ್ಚಿದರು. ಹತ್ತು ನಿಮಿಷದ ಕೆಲಸ. ಇಷ್ಟು ದಿನ ನನ್ನನ್ನು ಹಿಡಿದು ಕೂರಿಸಿದ್ದು ಆ ಒಂದು ದಾರ. ಸಂಜೆವರೆಗೆ ಇರಿಸಿಕೊಂಡು ಕಳಿಸಿದರು. ಎರಡು ಕೆಜಿ ಏಳುನೂರು ಇರಬಹುದು ಅಂತ ಸ್ಕ್ಯಾನ್. "ಇನ್ನು ಯಾವಾಗ ಬಂದ್ರೂ ಸರಿಯೇ. ಇವತ್ತೂ ಬರಬಹುದು, ಎರಡು ವಾರ ಬಿಟ್ಟೂ ಬರಬಹುದು. ಓಡಾಡಿ" ಎಂದರು ಡಾಕ್ಟರಮ್ಮ.

ಓಡಾಡಿ! ಮನೆಗೆ ಬಂದು ಬೀದಿಯ ಕೊನೆವರೆಗೆ ನಡೆದೆ. ಅತ್ತೆ ಒಂದು ಕಡೆ, ರಘು ಒಂದು ಕಡೆ. ಗೋವಿಂದಮ್ಮ ಹೊರಗೆ ಬಂದು ದೃಷ್ಟಿ ತೆಗೆದರು.

ನವೆಂಬರ್ 29, ಶನಿವಾರ, ಬೆಳಿಗ್ಗೆ ಆರೂ ಮುಕ್ಕಾಲು

ಐದೂವರೆಗೆ ಶುರುವಾಯಿತು. ಹತ್ತು ನಿಮಿಷಕ್ಕೊಂದು. ಈಗ ಎಂಟಕ್ಕೊಂದು. ಮೊದಲ ಎರಡು ಸಲದ ನೋವು ನನಗೆ ಗೊತ್ತು. ಇದು ಅದಲ್ಲ. ಇದು ಬರುವ ನೋವು.

ರಘು ಕಾರು ತರಲು ಹೋಗಿದ್ದಾನೆ. ಅತ್ತೆ ಚೀಲ ತುಂಬುತ್ತಿದ್ದಾರೆ, ಮೂರನೇ ಸಲ. ಹೊದಿಕೆ ಒಳಗೆ ಇಟ್ಟರು, ತೆಗೆದರು, ಮುಖಕ್ಕೊತ್ತಿ ನೋಡಿಕೊಂಡರು, ಮತ್ತೆ ಇಟ್ಟರು. ಹೊರಗೆ ಇಬ್ಬನಿ ಕರಗುತ್ತಿದೆ.

ಬಂತು. ಹೋಯಿತು. ಏಳು ನಿಮಿಷ.

ಇಷ್ಟು ದಿನ ಈ ಪುಸ್ತಕದಲ್ಲಿ ನಿನ್ನನ್ನು ಅದು, ಅದು ಎಂದೇ ಬರೆದಿದ್ದೇನೆ. ಕರೆದರೆ ಹೊರಟುಹೋಗುತ್ತೀಯೇನೋ ಎಂದು. ಈಗ ಕರೆಯಬಹುದು. ಈಗ ಕರೆದರೆ ನೀನು ಬರುವುದು ಇತ್ತ ಕಡೆಗೇ.

ಕಾರಿನ ಸದ್ದು. ಅತ್ತೆ "ಎದ್ದೇಳವ್ವ" ಎನ್ನುತ್ತಿದ್ದಾರೆ. ಒಂದು ಸಾಲು ಅತ್ತೆ, ಒಂದೇ ಸಾಲು.

ಮರೀ, ನನ್ನ ಹೆಸರು ಭಾನುಪ್ರಿಯಾ. ನಾನು ನಿನ್ನ